ನನಗೆ ತಿಳಿದ ಮಟ್ಟಿಗೆ

ಕಿವುಡಿಯಾಗುವ ವಿದ್ಯೆಯಲ್ಲಿ ಬೋರ್ಡಮ್ಮನನ್ನು ಮೀರಿಸುವವರು ಈ ಭೂಮಂಡಲದ ಮೇಲೆ ಇನ್ನೂ ಹುಟ್ಟಿರಲಿಲ್ಲ. ಹುಟ್ಟು ಕಿವುಡರು ಬಂದರೂ ಆಕೆಯ ಹತ್ತಿರ ಆರು ತಿಂಗಳು ಪಾಠ ಹೇಳಿಸಿಕೊಂಡು ಹೋಗಬೇಕಿತ್ತು. ಬೆನ್ನ ಹಿಂದೆ ತೊಳೆದಿಟ್ಟ ಪಾತ್ರೆಗಳ ಗೋಪುರವೇ ಕುಸಿದರೂ ಆಕೆಯ ರೆಪ್ಪೆ ಅಲುಗುತ್ತಿರಲಿಲ್ಲ. ಬಾಗಿಲ ಗಂಟೆ ಒಂದು ಸಲ ಬಾರಿಸಿದರೆ ಸುಮ್ಮನಿದ್ದು, ಎರಡನೇ ಸಲಕ್ಕೆ ತಲೆಯನ್ನು ಕೊಂಚ ಎತ್ತಿ, ಮೂರನೇ ಸಲಕ್ಕೆ ಬಾಗಿಲಿನ ಕಡೆಗಲ್ಲದೆ ಕಿಟಕಿಯ ಕಡೆಗೆ ನೋಡುವ ಆ ನಾಜೂಕು ಬೇರೆ ಯಾರಿಗೆ ಬರಬೇಕು. ಅಂಥ ಕಿವುಡಿ ಆ ಮಂಗಳವಾರ ಬೆಳಿಗ್ಗೆ ಗೋಡೆಗೆ ಮುಖ ಮಾಡಿ, ಹೊದಿಕೆಯನ್ನು ಮೂಗಿನ ತನಕ ಎಳೆದುಕೊಂಡು, ಅಡುಗೆಮನೆಯಲ್ಲಿ ಸೊಸೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದ ಪ್ರತಿಯೊಂದು ಅಕ್ಷರವನ್ನೂ ಕೇಳಿಸಿಕೊಳ್ಳುತ್ತ ಮಲಗಿದ್ದಳು. ಮಾತು ಹೊರಗೆ ಹೋಗದಿರಲೆಂದು ಸೊಸೆ ನಲ್ಲಿಯನ್ನು ಜೋರಾಗಿ ಬಿಟ್ಟಿದ್ದಳು. ಪಾಪ. ಮೂವತ್ತೊಂದು ವರ್ಷ ಗಿರಣಿಯ ಸ್ವಿಚ್‌ಬೋರ್ಡಿನ ಮುಂದೆ ಕೂತು, ಎಂಟುನೂರು ಮಗ್ಗಗಳ ಗದ್ದಲದ ಪಕ್ಕದಲ್ಲೇ, ತಂತಿಯ ಆ ತುದಿಯವನ ಉಸಿರು ಕೇಳಿಯೇ ಇದು ಸಾವಿನ ಸುದ್ದಿಯೋ ಹೆರಿಗೆಯ ಸುದ್ದಿಯೋ ಹೇಳುತ್ತಿದ್ದ ಕಿವಿಗೆ ಒಂದು ನಲ್ಲಿ ಯಾವ ಲೆಕ್ಕ. "ಇವತ್ತು ಹೇಳಿಬಿಡ್ತೀನಿ," ಎನ್ನುತ್ತಿದ್ದಳು ಸೊಸೆ. "ಇಲ್ಲ, ಈ ಸಲ ಖಂಡಿತ. ಸಹಿ ಹಾಕೋಕೆ ಮುಂಚೆ ಅತ್ತೆಗೆ ಹೇಳಿಬಿಡ್ತೀನಿ. ಆಮೇಲೆ ಅವರು ಏನಂತಾರೋ ಅನ್ಲಿ."

ಬೋರ್ಡಮ್ಮ ಮೂರು ಸಲ ಕೆಮ್ಮಿದಳು. ಮೂರೇ. ಇದು ಮನೆಯ ಹಳೆಯ ಏರ್ಪಾಡು. ಮೊದಲನೇ ಕೆಮ್ಮಿಗೆ ಪಿಸುಮಾತು ನಿಲ್ಲುತ್ತಿತ್ತು, ಎರಡನೆಯದಕ್ಕೆ ನಲ್ಲಿ ನಿಲ್ಲುತ್ತಿತ್ತು, ಮೂರನೆಯದಕ್ಕೆ ಸೊಸೆ ಎಲ್ಲರಿಗೂ ಕೇಳುವಂಥ ಸಾಮಾನ್ಯ ದನಿಯಲ್ಲಿ "ಎದ್ರಾ ಅತ್ತೆ?" ಎನ್ನುತ್ತಿದ್ದಳು. ಕಿವುಡಿಗೆ ಯಾಕೆ ಹಾಗೆ ಕೇಳಬೇಕು, ಕಿವುಡಿ ಯಾಕೆ ಅಷ್ಟು ಸರಿಯಾದ ಹೊತ್ತಿಗೆ ಕೆಮ್ಮಬೇಕು ಎಂದು ಇಬ್ಬರೂ ನಾಲ್ಕು ವರ್ಷದಲ್ಲಿ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಬೋರ್ಡಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಮೊಣಕೈಯ ಕೆಳಗೆ ವೈದ್ಯರು ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದ ಕಡೆ, ಚರ್ಮದಡಿ ಜೇನುಗೂಡು ಕಟ್ಟಿದ ಹಾಗೆ, ಗುಂಯ್ ಎನ್ನುವುದು ಅವಳಿಗೆ ಕೇಳುತ್ತಿತ್ತು. ವಾರಕ್ಕೆ ಮೂರು ದಿನ ಅದರೊಳಗೆ ಸೂಜಿ ಚುಚ್ಚಿ, ಮೈಯ ರಕ್ತವನ್ನೆಲ್ಲ ಹೊರಗೆಳೆದು, ತೊಳೆದು, ಮತ್ತೆ ಒಳಗೆ ತುಂಬುತ್ತಿದ್ದರು. ಅವಳ ಲೆಕ್ಕದಲ್ಲಿ ಈ ತನಕ ತೊಳೆದ ರಕ್ತಕ್ಕೆ ಒಂದು ಸಾಧಾರಣ ಕೆರೆ ತುಂಬಬೇಕಿತ್ತು. ಇವತ್ತು ಮಂಗಳವಾರ, ಯಂತ್ರಕ್ಕೆ ರಜೆ. ನಾಳೆ ಬೆಳಿಗ್ಗೆ ಆರಕ್ಕೆ ಮತ್ತೆ. ಅಷ್ಟರಲ್ಲಿ ಕಾರ್ಡಿನ ಕಚೇರಿಗೆ ಹೋಗಿ ವರ್ಷಕ್ಕೊಮ್ಮೆ ಕೊಡಬೇಕಾದ ಕಾಗದ ಕೊಟ್ಟು ಬರಬೇಕು. ಕೊಡದಿದ್ದರೆ ನಾಳೆ ಯಂತ್ರದ ಮುಂದೆ ಕೂತಿರುವ ನರ್ಸು ಕಾರ್ಡನ್ನು ಕಂಪ್ಯೂಟರಿಗೆ ತೋರಿಸುತ್ತಾಳೆ, ಕಂಪ್ಯೂಟರು ಕೆಂಪಾಗುತ್ತದೆ.

ಕಾರ್ಡು ಎಂದರೆ, ಸೇವೆಯಲ್ಲಿ ಮಡಿದ ಸೈನಿಕರ ಮನೆಯವರಿಗೆ ಕೊಡುವ ಚಿಕಿತ್ಸೆಯ ಕಾರ್ಡು. ತಲೆಯಲ್ಲಿ ಮಗನ ಹೆಸರು, ಅದರ ಮುಂದೆ ಕಂಸದಲ್ಲಿ 'ಮೃತ'. ಅದರ ಕೆಳಗೆ ಅವನ ಹೆಂಡತಿಯ ಹೆಸರು. ಅದಕ್ಕೂ ಕೆಳಗೆ, ಇರುವೆ ಬರೆದ ಹಾಗಿರುವ ಅಕ್ಷರದಲ್ಲಿ, 'ಪತ್ನಿಯ ಮನೆಯ ಸದಸ್ಯೆ: ಅತ್ತೆ'. ಆ ಇರುವೆಸಾಲಿನ ಮೇಲೆ ಬೋರ್ಡಮ್ಮನ ಎರಡು ಸತ್ತ ಮೂತ್ರಪಿಂಡಗಳು ನೇತಾಡುತ್ತಿದ್ದವು. ಹೆಂಡತಿ ಮರುಮದುವೆಯಾದರೆ ಕಾರ್ಡು ಮುಚ್ಚುತ್ತದೆ, ಕಾರ್ಡು ಮುಚ್ಚಿದರೆ ಕೆಳಗಿನ ಸಾಲೂ ಹೋಗುತ್ತದೆ. ಹೆತ್ತ ತಾಯಿಯೆಂದು ಬೇರೆ ಕಾರ್ಡು ಯಾಕಿಲ್ಲ ಎಂದರೆ, ಅದೊಂದು ಕಥೆ, ಅದಕ್ಕೆ ಆಕೆ ಬೇರೆ ಯಾರನ್ನೂ ಬಯ್ಯುವ ಹಾಗಿರಲಿಲ್ಲ. ಮಗ ಸೇನೆಗೆ ಸೇರಿದ ದಿನ ಒಂದು ಅರ್ಜಿ ತಂದಿದ್ದ. 'ತಾಯಿ ನಿಮ್ಮ ಮೇಲೆ ಅವಲಂಬಿತರೇ?' ಅಮ್ಮ, ಇಲ್ಲಿ ಹೌದು ಅಂತ ಬರೀಲಾ ಎಂದು ಕೇಳಿದ್ದ. ಹೌದಂತೆ. ಇಡೀ ಗಿರಣಿಯ ಮಾತನ್ನು ಹತ್ತು ಬೆರಳಲ್ಲಿ ಹಿಡಿದುಕೊಂಡವಳು, ಮಾಲೀಕನನ್ನೇ "ಒಂದು ನಿಮಿಷ ಇರಿ ಸಾರ್, ಲೈನು ಬಿಡುವಿಲ್ಲ" ಎಂದು ಕಾಯಿಸಿದವಳು, ನಿನ್ನೆ ಮೊನ್ನೆ ಮೀಸೆ ಬಂದ ಮಗನ ಮೇಲೆ ಅವಲಂಬಿತಳಂತೆ. ಪೆನ್ನು ಕಿತ್ತುಕೊಂಡು 'ಇಲ್ಲ' ಎಂದು ತಾನೇ ಬರೆದಿದ್ದಳು, ಕಾಗದದ ಆ ಬದಿಗೆ ಒತ್ತು ಮೂಡುವಷ್ಟು ದಪ್ಪಗೆ. ಸಾಲದೆಂದು ಕೆಳಗೆ ಎರಡು ಗೆರೆ ಎಳೆದಿದ್ದಳು. ಆ ಎರಡು ಗೆರೆ ಈಗಲೂ ಯಾವುದೋ ಕಪಾಟಿನಲ್ಲಿ ಹಸಿಹಸಿಯಾಗಿಯೇ ಇತ್ತು, ಅದನ್ನು ಅಳಿಸುವ ರಬ್ಬರು ಯಾವ ಸರ್ಕಾರದ ಹತ್ತಿರವೂ ಇರಲಿಲ್ಲ.

ಹಾಗಾಗಿ ಪ್ರತಿ ವರ್ಷ ಆ ಕಾಗದ. ಅದರಲ್ಲಿ ಹೆಚ್ಚೇನಿಲ್ಲ, ಒಂದೇ ವಾಕ್ಯ. 'ಮೇಲ್ಕಂಡ ಶ್ರೀಮತಿಯವರು ಪುನರ್ವಿವಾಹ ಮಾಡಿಕೊಂಡಿರುವುದಿಲ್ಲವೆಂದು, ಅವರೊಂದಿಗೆ ವಾಸವಾಗಿರುವ ಸಮೀಪದ ಸಂಬಂಧಿಯಾದ ನಾನು, ನನಗೆ ತಿಳಿದ ಮಟ್ಟಿಗೆ ದೃಢೀಕರಿಸುತ್ತೇನೆ.' ಅದನ್ನು ಬರೆದ ಗುಮಾಸ್ತ ಯಾರೋ ಏನೋ, ಬೋರ್ಡಮ್ಮ ಮನಸ್ಸಿನಲ್ಲೇ ಅವನಿಗೆ ಹತ್ತು ಪದಕ ಕೊಟ್ಟಿದ್ದಳು. ತಿಳಿದ ಮಟ್ಟಿಗೆ. ಆ ಎರಡು ಮಾತಿನ ನಡುವೆ ಒಂದು ಮನೆ ಕಟ್ಟಿಕೊಂಡು ಸಂಸಾರ ಮಾಡಬಹುದಿತ್ತು, ಆಕೆ ಮಾಡುತ್ತಲೂ ಇದ್ದಳು. ತಿಳಿಯದಂತೆ ನೋಡಿಕೊಳ್ಳುವುದು ಸುಮ್ಮನೆ ಕೂತರೆ ಆಗುವ ಕೆಲಸವಲ್ಲ. ಅಂಗಡಿಬೀದಿಯ ಎಡಪಕ್ಕಕ್ಕೆ ನಾಲ್ಕು ವರ್ಷದಿಂದ ಆಕೆ ಕಾಲಿಟ್ಟಿರಲಿಲ್ಲ, ಅಲ್ಲಿ ಕಿವಿ ಪರೀಕ್ಷೆಯವನ ಕೋಣೆಯಿತ್ತು. ಶನಿವಾರ ಸಂಜೆ ಸೊಸೆ ತಡವಾಗಿ ಬಂದರೆ ಗಡಿಯಾರದ ಕಡೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಸೊಸೆಯ ಬೀರುವಿನಲ್ಲಿ ಹೊಸ ಸೀರೆ ಕಂಡರೆ ಅದು ಹಳೆಯದೆಂದು ತನಗೆ ತಾನೇ ವಾದಿಸಿ ಗೆಲ್ಲುತ್ತಿದ್ದಳು. ಒಂದು ಸಲ ಊಟಕ್ಕೆ ಕೂತಾಗ ಸೊಸೆ ಯಾವುದೋ ಯೋಚನೆಯಲ್ಲಿ ತನ್ನಷ್ಟಕ್ಕೆ ನಕ್ಕಿದ್ದಳು. ಆ ನಗುವನ್ನು ನೋಡಿದ್ದು ತಿಳಿದಂತಾಯಿತೇ ಇಲ್ಲವೇ ಎಂದು ಬೋರ್ಡಮ್ಮ ಎಂಟು ದಿನ ತಲೆ ಕೆಡಿಸಿಕೊಂಡಿದ್ದಳು. ನಗು ಮದುವೆಯಲ್ಲ ಎಂದು ಕೊನೆಗೆ ತೀರ್ಪು ಕೊಟ್ಟು, ಒಂಬತ್ತನೇ ದಿನ ಚೆನ್ನಾಗಿ ನಿದ್ದೆ ಮಾಡಿದ್ದಳು.

ಆ ಕಿವಿ ಪರೀಕ್ಷೆಯವನನ್ನು ಮನೆಗೆ ಹಚ್ಚಿದವಳೂ ತಾನೇ. ಇದೊಂದು ನೆನಪಾದಾಗ ಮಾತ್ರ ನಾಲಿಗೆ ಒಣಗುತ್ತಿತ್ತು, ಒಣಗಿದರೂ ದಿನಕ್ಕೆ ಮೂರು ಲೋಟದ ಮೇಲೆ ನೀರು ಕುಡಿಯಲು ವೈದ್ಯರ ಅಪ್ಪಣೆಯಿರಲಿಲ್ಲ. ಮಗ ಹೋದ ಹೊಸದರಲ್ಲಿ ನೆಂಟರು ಸಾಲುಗಟ್ಟಿ ಬರುತ್ತಿದ್ದರು. ಬಂದವರೆಲ್ಲ ಅವನು ಹೇಗೆ ಹೋದ, ಸೇತುವೆ ಹೇಗೆ ಮುರಿಯಿತು, ಹೊಳೆ ಎಷ್ಟು ಆಳವಿತ್ತು ಎಂದು ಕೇಳುತ್ತಿದ್ದರು. ತಾವು ಕೇಳದೆ ಹೋದರೆ ಅವನು ಸರಿಯಾಗಿ ಸತ್ತಂತಾಗುವುದಿಲ್ಲ ಎಂಬ ಹಾಗೆ. ಒಂದು ಮಧ್ಯಾಹ್ನ ನಾದಿನಿ ಎರಡನೇ ಸಲ ಹೊಳೆಯ ಆಳ ಕೇಳಿದಾಗ ಬೋರ್ಡಮ್ಮ ಕಿವಿಯ ಹಿಂದೆ ಕೈಯಿಟ್ಟು "ಏನಂದೆ?" ಎಂದಿದ್ದಳು. ಅಷ್ಟೇ. ಜಗತ್ತು ಎಷ್ಟು ಹಿತವಾಯಿತೆಂದರೆ ಆ ಕೈಯನ್ನು ಅಲ್ಲಿಂದ ತೆಗೆಯಲು ಮನಸ್ಸಾಗಲಿಲ್ಲ. ವರ್ಷಗಟ್ಟಲೆ ಹಾಗೇ ನಡೆಯಿತು. ಕೊನೆಗೆ ಸೊಸೆಗೆ ಗಾಬರಿಯಾಗಿ ಪರೀಕ್ಷೆಗೆ ಕರೆದುಕೊಂಡು ಹೋದಳು. ಹತ್ತಿಯ ಗೋಡೆಗಳ ಗೂಡಿನಂಥ ಕೋಣೆ, ಕಿವಿಗೆ ದಪ್ಪ ಹೆಡ್‌ಫೋನು. ಗಾಜಿನ ಆ ಬದಿ ಕೂತ ಕನ್ನಡಕದ ಗಂಡಸು, ಶಬ್ದ ಕೇಳಿದಾಗೆಲ್ಲ ಗುಂಡಿ ಒತ್ತಿ ಎಂದ. ಬೋರ್ಡಮ್ಮ ಒತ್ತಲಿಲ್ಲ. ಅವಳ ಅರ್ಧ ಆಯುಷ್ಯವೇ ಹೆಡ್‌ಫೋನಿನಲ್ಲಿ ಕಳೆದಿತ್ತು, ಇವನ ಕುಂಯ್ ಕುಂಯ್‌ಗೆ ಮೋಸ ಹೋಗುತ್ತಾಳೆಯೇ. ಅವನು ಸ್ವಲ್ಪ ಹೊತ್ತು ನೋಡಿ, ಮೈಕಿನಲ್ಲಿ ಬಲು ಮೆಲ್ಲಗೆ, ಸೊಳ್ಳೆಯೂ ನಾಚುವಂಥ ದನಿಯಲ್ಲಿ, "ಅಮ್ಮ, ನಿಮ್ಮ ಕುರ್ಚಿ ಕೆಳಗೆ ಹಲ್ಲಿ ಇದೆ," ಎಂದ. ಬೋರ್ಡಮ್ಮನ ಕಾಲು ಅವಳ ಅಪ್ಪಣೆಯಿಲ್ಲದೆ ಮೇಲೆ ಹೋಯಿತು. ಗಾಜಿನಾಚೆ ಅವನು ನಗಲಿಲ್ಲ. ವರದಿಯಲ್ಲಿ 'ಮಧ್ಯಮ ಮಟ್ಟದ ಕಿವುಡು' ಎಂದು ಬರೆದು ಸೊಸೆಯ ಕೈಗೆ ಕೊಟ್ಟ. ಕೊಡುವಾಗ ಅವಳ ಮುಖ ನೋಡಿದ. ಅವಳೂ ನೋಡಿದಳು. ಬಾಗಿಲಲ್ಲಿ ನಿಂತ ಬೋರ್ಡಮ್ಮನಿಗೆ ಆ ನೋಟ, ಎರಡು ತಂತಿ ಒಂದಕ್ಕೊಂದು ಸಿಕ್ಕಿದಾಗ ಬರುವ ಟಕ್ ಎಂಬ ಸದ್ದಿನ ಹಾಗೆ, ಕಿವಿಯಲ್ಲೇ ಕೇಳಿಸಿತು.

"ಅತ್ತೆ, ನಿಮಗೊಂದು ಮಾತು ಹೇಳಬೇಕು," ಎಂದಳು ಸೊಸೆ, ಬ್ರೆಡ್ಡಿನ ತಟ್ಟೆ ಇಡುತ್ತ. ಶಾಲೆಯ ಪ್ರಯೋಗಾಲಯದಲ್ಲಿ ಸೀಸೆ ತೊಳೆದು ಜೋಡಿಸುವ ಕೆಲಸ ಅವಳದು, ಅರ್ಧ ದಿನ ರಜೆ ಹಾಕಿದ್ದಳು. ಬೆರಳ ತುದಿಗಳು ಯಾವಾಗಲೂ ಸ್ವಲ್ಪ ಸುಟ್ಟ ಹಾಗಿರುತ್ತಿದ್ದವು.

"ಬೆಣ್ಣೆ ಬೇಡ ಕಣೇ," ಎಂದಳು ಬೋರ್ಡಮ್ಮ.

"ಬೆಣ್ಣೆ ಅಲ್ಲ. ಮಾತು. ಒಂದು ಮಾತು ಹೇಳಬೇಕು."

"ಹೌದು, ಮಾತ್ರೆ. ತಗೊಂಡೆ ಆಗಲೇ."

ಸೊಸೆ ಎದುರಿನ ಕುರ್ಚಿಯಲ್ಲಿ ಕೂತು, ತುಟಿ ಕಾಣಲೆಂದು ಮುಖ ಮುಂದೆ ತಂದಳು. ಬೋರ್ಡಮ್ಮ ಬ್ರೆಡ್ಡಿನ ಅಂಚನ್ನು ಕಿತ್ತು ಕಿತ್ತು ತಟ್ಟೆಯ ಸುತ್ತ ಕೋಟೆ ಕಟ್ಟಿದಳು. ಹೇಳಿಬಿಡುವ ಆ ಮಾತು ಎರಡರಲ್ಲಿ ಒಂದಿರಬೇಕು. 'ಮದುವೆ ಆಗಿಬಿಟ್ಟಿದೆ' ಎಂದಾದರೆ, ಇವತ್ತು ತಾನು ಹಾಕುವ ಸಹಿ ಸುಳ್ಳಾಗುತ್ತದೆ. ಬೋರ್ಡಮ್ಮ ಜನ್ಮದಲ್ಲಿ ಸಾವಿರ ಗುಟ್ಟು ನುಂಗಿದ್ದಳು, ಕಾಗದದ ಮೇಲೆ ಸುಳ್ಳು ಬರೆದವಳಲ್ಲ. 'ಆಗಬೇಕೆಂದಿದ್ದೇವೆ' ಎಂದಾದರೆ ಅದು ಇನ್ನೂ ಕಷ್ಟ. ಅದಕ್ಕೆ ಉತ್ತರ ಕೊಡಬೇಕು. ಆಗಲಿ ಮಗಳೇ ಎಂದರೆ ತನ್ನ ರಕ್ತವನ್ನು ತೊಳೆಯುವವರಿಲ್ಲ. ಬೇಡ ಎನ್ನಲು ಬಾಯಿ ಎಲ್ಲಿಂದ ತರುವುದು. ಇದ್ದದ್ದು ಒಂದೇ ದಾರಿ, ಸಹಿ ಹಾಕುವ ತನಕ ಏನೂ ಕೇಳಿಸಿಕೊಳ್ಳದಿರುವುದು. ಗಡಿಯಾರ ಎಂಟೂವರೆ ತೋರಿಸುತ್ತಿತ್ತು. ಕಚೇರಿ ಹನ್ನೊಂದಕ್ಕೆ. ಎರಡೂವರೆ ತಾಸು, ಸೇನೆಗಳು ಇದಕ್ಕಿಂತ ಕಡಿಮೆ ಹೊತ್ತಿನಲ್ಲಿ ರಾಜ್ಯ ಕಳೆದುಕೊಂಡಿವೆ. "ಸ್ನಾನಕ್ಕೆ ನೀರು ಕಾದಿದೆಯಾ ನೋಡು," ಎಂದು ಎದ್ದಳು. ಸ್ನಾನದಮನೆಯಲ್ಲಿ ಒಂದು ತಾಸು ಕೂತಳು. ನೀರು ತಣ್ಣಗಾಗಿ, ಬೆರಳು ಸುಕ್ಕುಗಟ್ಟಿದವು. ಬಾಗಿಲಾಚೆ ಸೊಸೆ ಬಂದು ನಿಂತದ್ದು, ಕೈ ಎತ್ತಿದ್ದು, ಬಡಿಯದೆ ಇಳಿಸಿದ್ದು, ಬಳೆಯ ಸದ್ದಿನಿಂದಲೇ ತಿಳಿಯಿತು. ಆ ಕೈ ಇಳಿದ ಸದ್ದು ಬಡಿದಿದ್ದರೆ ಆಗುತ್ತಿದ್ದ ಸದ್ದಿಗಿಂತ ಜೋರಾಗಿತ್ತು.

ಬಸ್ಸಿನಲ್ಲಿ ಸೊಸೆ ಎಂದಿನಂತೆ ಎಡಗಡೆಯೇ ಕೂತಳು, ಯಾರೂ ಆ ಕೈಗೆ ಒರಗದ ಹಾಗೆ, ತನ್ನ ಮೈಯನ್ನೇ ಬೇಲಿ ಮಾಡಿಕೊಂಡು. ಎದುರಿನ ಸೀಟಿನ ಕಬ್ಬಿಣದಲ್ಲಿ ಯಾರೋ ಎರಡು ಹೆಸರು ಕೆತ್ತಿದ್ದರು, ಒಂದನ್ನು ಆಮೇಲೆ ಉಜ್ಜಿ ಅಳಿಸಿದ್ದರು. ಬೋರ್ಡಮ್ಮ ಅದನ್ನೇ ನೋಡುತ್ತಿದ್ದಳು. ಅಳಿಸಿದ್ದು ಯಾವ ಕೈಯೋ. ತನ್ನ ಕೈ ಒಂದು ತಂತಿಯನ್ನಷ್ಟೇ ಎಳೆದಿತ್ತು. ಶಿಬಿರದಿಂದ ಮಗ ಗಿರಣಿಗೆ ಫೋನು ಮಾಡುತ್ತಿದ್ದ, ಅವಳು ಅದನ್ನು ಕೆಲಸಗಾರರ ವಸತಿಗೆ ಜೋಡಿಸುತ್ತಿದ್ದಳು, ಅಲ್ಲಿ ಹೊಸ ಸೊಸೆ ಎತ್ತುತ್ತಿದ್ದಳು. ಜೋಡಿಸಿದ ಮೇಲೆ ಕಿವಿಯಿಂದ ಹೆಡ್‌ಫೋನು ತೆಗೆಯಬೇಕೆಂದು ನಿಯಮ. ಅಂಥ ನಿಯಮ ಪಾಲಿಸುವ ಆಪರೇಟರು ಎಲ್ಲಾದರೂ ಇದ್ದರೆ ಅವಳಿಗೆ ಗುಡಿ ಕಟ್ಟಿಸಬೇಕು. "ಅವಧಿ ಮುಗೀತಲ್ಲ, ಮತ್ತೆ ಬರೆದುಕೊಡಬೇಡಿ, ಬಂದುಬಿಡಿ," ಎನ್ನುತ್ತಿದ್ದಳು ಈ ಹುಡುಗಿ, ಮೂಗು ಕಟ್ಟಿದ ದನಿಯಲ್ಲಿ. ಆ ಕಡೆ ಮಗನ ಉಸಿರು ಬದಲಾದದ್ದು ತಾಯಿಗೆ ತಿಳಿಯಿತು, ಅವನು ಆಯ್ತು ಎನ್ನುವವನಿದ್ದ. ಆಗ ಗಿರಣಿಯಲ್ಲಿ ಬೋರ್ಡಮ್ಮ ನಡೆದು ಬಂದರೆ ಮೇಸ್ತ್ರಿಗಳು ಎದ್ದು ನಿಲ್ಲುತ್ತಿದ್ದರು, ಯೋಧನ ತಾಯಿ ಎಂದು. ಬೆರಳು ತಂತಿಯನ್ನು ಎಳೆಯಿತು. "ಲೈನು ಹೋಯ್ತು ಕಣಮ್ಮ, ಹೊರಗೆ ಗಾಳಿ ಜಾಸ್ತಿ," ಎಂದಳು ಸೊಸೆಗೆ. ಮರುವಾರ ಮಗ ಸೇನೆಗೆ ಮತ್ತೆ ನಾಲ್ಕು ವರ್ಷಕ್ಕೆ ಬರೆದುಕೊಟ್ಟ. ಎರಡನೇ ವರ್ಷದಲ್ಲಿ ಸೇತುವೆ. ಅವತ್ತು ಗಾಳಿ ಇತ್ತೋ ಇಲ್ಲವೋ ಎಂದು ಸೊಸೆ ಎಂದಾದರೂ ಯೋಚಿಸಿದ್ದಳೇ. "ಅತ್ತೆ," ಎಂದಳು ಪಕ್ಕದಲ್ಲಿ ಸೊಸೆ, ಇಡೀ ಬಸ್ಸಿಗೆ ಕೇಳದಷ್ಟು, ಆದರೆ ಪಕ್ಕದವರಿಗೆ ಕೇಳಲೇಬೇಕಾದಷ್ಟು ದನಿಯಲ್ಲಿ, "ನನಗೂ ನಲವತ್ತಾಯ್ತು ಅತ್ತೆ." ಬೋರ್ಡಮ್ಮ ಕಿಟಕಿಗೆ ತಲೆಯೊರಗಿಸಿ ಬಾಯಿ ತೆರೆದು ಗೊರಕೆ ಹೊಡೆದಳು. ಅಂಥ ಗೊರಕೆ ಅವಳ ವಂಶದಲ್ಲಿ ಯಾರೂ ಹೊಡೆದಿರಲಿಲ್ಲ. ಮುಂದಿನ ಸೀಟಿನವನು ಹಿಂತಿರುಗಿ ನೋಡಿದ. ಗೊರಕೆಯ ನಡುವೆ ಸೊಸೆಯ ಉಸಿರು ಒಮ್ಮೆ ಉದ್ದವಾಗಿ ಹೊರಗೆ ಬಂದದ್ದು ಕೇಳಿತು. ಗೆದ್ದೆ ಎಂದುಕೊಂಡಳು ಬೋರ್ಡಮ್ಮ, ಗೆದ್ದವರ ಬಾಯಿ ಇಷ್ಟು ಕಹಿಯಾಗಿರುತ್ತದೆಂದು ಗೊತ್ತಿರಲಿಲ್ಲ.

ಕಚೇರಿಯ ಹಾಲಿನಲ್ಲಿ ಬೆಂಚುಗಳು ಭರ್ತಿಯಾಗಿದ್ದವು. ಊರುಗೋಲನ್ನು ತೊಡೆಯ ಮೇಲೆ ಮಲಗಿಸಿಕೊಂಡ ಒಂಟಿಕಾಲಿನವನೊಬ್ಬ ತನ್ನ ಟೋಕನ್ ಸಂಖ್ಯೆಯನ್ನು ಪಕ್ಕದವರಿಗೆಲ್ಲ ತೋರಿಸಿ, "ಇದು ಬರೋ ಹೊತ್ತಿಗೆ ಇನ್ನೊಂದು ಕಾಲೂ ಬೇರು ಬಿಟ್ಟಿರತ್ತೆ," ಎನ್ನುತ್ತಿದ್ದ. ಹೆಂಗಸರು ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ, ಚೀಲವನ್ನು ಇನ್ನೊಂದು ಚೀಲದಲ್ಲಿ ಇಟ್ಟು, ಅದನ್ನು ಹಸುಗೂಸಿನ ಹಾಗೆ ಎದೆಗೊತ್ತಿಕೊಂಡಿದ್ದರು. ಕಿಟಕಿಯ ಹಿಂದೆ ಪ್ರತಿ ವರ್ಷ ಇರುತ್ತಿದ್ದ ಮುದಿ ಗುಮಾಸ್ತ ಇರಲಿಲ್ಲ. ಅವನು ಎಂಥ ಒಳ್ಳೆಯವನೆಂದರೆ ಮುಖವನ್ನೇ ಎತ್ತುತ್ತಿರಲಿಲ್ಲ, ಪೆನ್ಸಿಲಿನ ಹಿಂಬದಿಯಿಂದ ಸಹಿಯ ಜಾಗ ತೋರಿಸಿ ಮೊಹರು ಗುದ್ದುತ್ತಿದ್ದ. ಈಗ ಕೂತಿದ್ದವನು ಹೊಸಬ, ಕುತ್ತಿಗೆಗೆ ಮಫ್ಲರು ಸುತ್ತಿ, ನೆಗಡಿಯಿಂದ ಮೂಗು ಕೆಂಪಾದವನು, ಮತ್ತು, ಬೋರ್ಡಮ್ಮನಿಗೆ ಒಂದೇ ನೋಟಕ್ಕೆ ತಿಳಿಯಿತು, ಕೆಲಸ ಮಾಡುವ ಜಾತಿಯವನು. ಅವನ ಪಕ್ಕದ ಗೋಡೆಗೆ ಹೊಸ ಸುತ್ತೋಲೆ ಅಂಟಿಸಿತ್ತು: ಸಾಕ್ಷಿದಾರರಿಗೆ ಒಕ್ಕಣೆಯನ್ನು ಓದಿ ಹೇಳಿ, ಕೇಳಿ, ಉತ್ತರ ಪಡೆದ ನಂತರವೇ ಸಹಿ ಪಡೆಯತಕ್ಕದ್ದು.

"ಸಾಕ್ಷಿ ಯಾರು? ಅಜ್ಜಿಯಾ?" ಎಂದ.

ಬೋರ್ಡಮ್ಮ ಕಿವಿಯ ಹಿಂದೆ ಕೈಯಿಟ್ಟಳು.

"ಅವರಿಗೆ ಕಿವಿ ಸ್ವಲ್ಪ ಮಂದ ಸಾರ್," ಎಂದಳು ಸೊಸೆ. ಹೇಳುವಾಗ ಅವಳ ದನಿಯಲ್ಲಿ ಒಂದು ಕೂದಲೆಳೆಯಷ್ಟೂ ನಡುಕವಿರಲಿಲ್ಲ.

ಗುಮಾಸ್ತ ಎದ್ದು ನಿಂತ. ಕಿಟಕಿಯ ಸರಳಿಗೆ ಬಾಯಿ ಹಚ್ಚಿ, ಮೂಗು ಕಟ್ಟಿದ ದನಿಯನ್ನು ಆಕಾಶದ ತನಕ ಏರಿಸಿ, ಒಂದೊಂದೇ ಪದವನ್ನು ಗೋಡೆಗೆ ಮೊಳೆ ಹೊಡೆದ ಹಾಗೆ ಹೊಡೆದ: "ಅಜ್ಜಿ. ನಿಮ್ಮ ಸೊಸೆ. ಮತ್ತೆ. ಮದುವೆ. ಆಗಿದಾರಾ?"

ಇನ್ನೂರು ತಲೆಗಳು ತಿರುಗಿದವು. ಬೆಂಚಿನಲ್ಲಿದ್ದವರು ಇಪ್ಪತ್ತೇ ಜನ, ಆದರೂ ತಿರುಗಿದ ತಲೆಗಳು ಇನ್ನೂರು. ಎಲ್ಲ ಸೊಸೆಯ ಕಡೆಗೆ. ಅವಳು ಕಿಟಕಿಯ ಕಟ್ಟೆಯ ಮೇಲಿದ್ದ ಗೋಂದಿನ ಬಾಟಲಿಯನ್ನೇ ನೋಡುತ್ತಿದ್ದಳು. ಅವಳ ಕುತ್ತಿಗೆಯಿಂದ ಕೆಂಪು ಮೇಲೆ ಹತ್ತುತ್ತ ಹೋಗಿ ಕಿವಿಯ ತುದಿಯಲ್ಲಿ ನಿಂತದ್ದನ್ನು, ಬಿಗಿದು ಕಟ್ಟಿದ ಜಡೆಯ ಬುಡದಲ್ಲಿ ಬಿಳಿಗೂದಲು ಇದ್ದುದನ್ನು ಬೋರ್ಡಮ್ಮ ಕಂಡಳು. 'ಇಲ್ಲ' ಎಂಬ ಮಾತನ್ನು ಬೆಳಿಗ್ಗೆಯಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಬಂದಿದ್ದಳು, ತುಪ್ಪದ ದೀಪ ತಂದ ಹಾಗೆ ಜೋಪಾನವಾಗಿ. ಬಾಯಿ ತೆರೆದಳು. ಆದರೆ ಮೂವತ್ತೊಂದು ವರ್ಷದ ಕೆಲಸ ಮೈಯಲ್ಲಿ ಎಲ್ಲಿ ಅಡಗಿರುತ್ತದೋ ಯಾರು ಬಲ್ಲರು. ಗಿರಣಿಯ ಬೋರ್ಡಿಗೆ ಫೋನು ಮಾಡಿ, ಮ್ಯಾನೇಜರು ಯಾರ ಜೊತೆ ಹೋದರು, ಲೆಕ್ಕದವರ ಮಗಳಿಗೆ ಎಲ್ಲಿಂದ ಕರೆ ಬಂತು, ಇಂಥವಳ ಮದುವೆ ಆಯಿತೇ ಎಂದು ಮೇಲಿನಿಂದ ಯಾರು ಜೋರು ಮಾಡಿ ಕೇಳಿದರೂ, ಪರರ ವಿಷಯಕ್ಕೆ ಆಪರೇಟರು ಕೊಡುವ ಉತ್ತರ ಒಂದೇ. ಲಕ್ಷ ಸಲ ಹೇಳಿ ಹೇಳಿ ನಾಲಿಗೆಯಲ್ಲಿ ಅದಕ್ಕೊಂದು ಕಾಲುವೆಯೇ ಬಿದ್ದಿತ್ತು.

"ಗೊತ್ತಿಲ್ಲ ಸಾರ್," ಎಂದಳು ಬೋರ್ಡಮ್ಮ, ಗಂಟೆ ಹೊಡೆದಷ್ಟು ಸ್ಪಷ್ಟವಾಗಿ.

ಗುಮಾಸ್ತ ಕರವಸ್ತ್ರದಿಂದ ಮೂಗು ಒರೆಸಿಕೊಂಡ. "ಗೊತ್ತಿಲ್ಲ ಅಂದ್ರೆ? ಒಂದೇ ಮನೇಲಿ ಇದೀವಿ ಅಂತ ಬರೆದಿದೀರಿ. ಮನೆ ಎಷ್ಟು ದೊಡ್ಡದು?"

"ಎರಡು ಕೋಣೆ ಸಾರ್," ಎಂದಳು ಸೊಸೆ.

"ಎರಡು ಕೋಣೆ ಮನೇಲಿ ಸೊಸೆ ಮದುವೆ ಆದ್ರೋ ಇಲ್ವೋ ಗೊತ್ತಾಗ್ಲಿಲ್ವಾ ಅಜ್ಜಿಗೆ?"

"ಊಟಕ್ಕೆ ಕರೆದಿರಲ್ಲ ಬಿಡಿ ಸಾರ್," ಎಂದ ಹಿಂದಿನಿಂದ ಒಂಟಿಕಾಲಿನವನು. ಬೆಂಚು ನಕ್ಕಿತು.

ಬೋರ್ಡಮ್ಮ ಮಾತ್ರ ಬೆವರಿದಳು. ಆಡಿದ್ದು ಸತ್ಯವಾಗಿತ್ತು. ಅದೇ ತೊಂದರೆ. ನಾಲ್ಕು ವರ್ಷ ಹಗಲೂ ರಾತ್ರಿ ದುಡಿದು, ಬೀದಿ ಬದಲಿಸಿ, ಬೆನ್ನು ತಿರುಗಿಸಿ, ಗೊರಕೆ ಹೊಡೆದು ಸಂಪಾದಿಸಿದ ಶುದ್ಧ, ಕಲಬೆರಕೆಯಿಲ್ಲದ 'ಗೊತ್ತಿಲ್ಲ'. ಅದನ್ನು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದರೆ ಕಾಯುತ್ತಿತ್ತು, ಕಿಟಕಿಯಲ್ಲಿ ತೆಗೆದಿಟ್ಟ ಕೂಡಲೇ ಅಪರಾಧವಾಯಿತು.

"ಗೊತ್ತಿಲ್ಲದೆ ಸಹಿ ಹಾಕಿಸ್ಕೊಳ್ಳೋಕೆ ಬರಲ್ಲ," ಎಂದ ಗುಮಾಸ್ತ, ಕೋಪವೇನಿಲ್ಲದೆ. "ಅದಕ್ಯಾಕೆ ಚಿಂತೆ. ಪಕ್ಕದಲ್ಲೇ ನಿಂತಿದಾರಲ್ಲ, ಕೇಳಿ. ಅವರು ಏನಂತಾರೋ ನನಗೆ ಹೇಳಿ. ನಾನು ಕಾಯ್ತೀನಿ." ಎಂದು ಕೂತು, ಪೆನ್ನಿನ ಮುಚ್ಚಳ ಹಾಕಿದ.

ಹಾಗೆ ಬೋರ್ಡಮ್ಮ ಸೊಸೆಯ ಕಡೆ ತಿರುಗಬೇಕಾಯಿತು. ಇಷ್ಟು ಹತ್ತಿರದಿಂದ ಆ ಮುಖವನ್ನು ನೋಡಿ ವರ್ಷಗಳಾಗಿದ್ದವು. ಕೆಳತುಟಿಯನ್ನು ಒಳಗಿನಿಂದ ಕಚ್ಚಿಕೊಂಡ ಗುರುತು ಹೊರಗೆ ಕಾಣುತ್ತಿತ್ತು. ಈ ತುಟಿ ಬೆಳಿಗ್ಗೆ ಬ್ರೆಡ್ಡಿನ ತಟ್ಟೆಯ ಮೇಲೆ ಬಾಗಿತ್ತು, ನಿನ್ನೆ ಬಾಗಿತ್ತು, ಹೋದ ವರ್ಷವೂ ಬಾಗಿತ್ತಲ್ಲವೇ, ಅವತ್ತು ತಾನು ಹೊಟ್ಟೆನೋವೆಂದು ಚಾಪೆಯ ಮೇಲೆ ಉರುಳಿರಲಿಲ್ಲವೇ. ಕೇಳುವುದೆಂದರೆ ಒಂದು ಪ್ರಶ್ನೆ, ಐದು ಪದವಿಲ್ಲ. ಊರಿನವರ ಲಕ್ಷ ಮಾತನ್ನು ಆ ಕಡೆಯಿಂದ ಈ ಕಡೆ ದಾಟಿಸಿದ ಬಾಯಿಗೆ ಸ್ವಂತದ್ದೊಂದು ಮಾತು ದಾಟಿಸಲು ಇಷ್ಟು ಕಷ್ಟವೇ.

"ಏನೇ," ಎಂದಳು. "ನೀನು ಮದುವೆ ಆಗಿದೀಯೇನೇ?"

ಸೊಸೆ ಮೊದಲು ಗೋಂದಿನ ಬಾಟಲಿಯನ್ನು ಸರಿಯಾಗಿ ಮೂಲೆಗೆ ಇಟ್ಟಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಇಲ್ಲ ಅತ್ತೆ," ಎಂದಳು. ಅಷ್ಟಕ್ಕೆ ಮುಗಿಯಬೇಕಿತ್ತು. ಬೆಂಚುಗಳವರಿಗೆ, ಗುಮಾಸ್ತನಿಗೆ ಅಷ್ಟಕ್ಕೇ ಮುಗಿಯಿತು. ಆದರೆ ಅವಳ ತುಟಿ ಇನ್ನೊಮ್ಮೆ ಅಲುಗಿತು, ಉಸಿರಿಗಿಂತ ತೆಳುವಾದ, ಸರಳಿನ ಆ ಬದಿಗೂ ದಾಟದ, ಈ ಲೋಕದಲ್ಲಿ ಒಂದೇ ಒಂದು ಕಿವಿಗೆ ಮಾತ್ರ ಕೇಳಬಹುದಾದ ದನಿಯಲ್ಲಿ. "ಇನ್ನೂ ಇಲ್ಲ."

"ಏನಂದ್ರು?" ಎಂದ ಗುಮಾಸ್ತ.

ಇನ್ನೂ. ಆ ಪದ ಬೋರ್ಡಮ್ಮನ ಕಿವಿಯಲ್ಲಿ ಇಳಿದು, ಎದೆಗೆ ಬಂದು, ಎಡಗೈಯ ಗುಂಯ್‌ಗುಡುವಿಕೆಯೊಳಗೆ ಸೇರಿಕೊಂಡಿತು. ಇನ್ನೂ ಎಂದರೆ ಆಗಿಲ್ಲ. ಇನ್ನೂ ಎಂದರೆ ಒಬ್ಬ ಇದ್ದಾನೆ, ಕಾಯುತ್ತಿದ್ದಾನೆ, ತಾನು ಕಾಯಿಸುತ್ತಿದ್ದೇನೆ. ಇನ್ನೂ ಎಂದರೆ, ಮುದುಕಿ, ನೀನು ಇನ್ನೂ. ಗುಮಾಸ್ತನಿಗೆ ಏನು ಹೇಳುವುದು. ಅವಳು ಅಂದದ್ದನ್ನು ಅಂದ ಹಾಗೆ ದಾಟಿಸಿದರೆ ಆ ಒಳ್ಳೆಯವನು ಮುಚ್ಚಳ ತೆಗೆಯುತ್ತಾನೆ, ಇನ್ನೂ ಅಂದ್ರೆ ಏನಮ್ಮ, ಮುಂದೆ ಆಗೋರಿದೀರಾ, ಯಾವಾಗ ಎಂದು ಈ ಇನ್ನೂರು ತಲೆಗಳ ಎದುರಿಗೆ ಬರೆದುಕೊಳ್ಳುತ್ತಾನೆ. ನಾಳೆ ಬೆಳಿಗ್ಗೆ ಆರಕ್ಕೆ ಯಂತ್ರದ ಪಕ್ಕದ ಹಾಸಿಗೆ ಖಾಲಿಯಿರುತ್ತದೆ.

"ಇಲ್ಲ ಅಂದ್ಲು," ಎಂದಳು ಬೋರ್ಡಮ್ಮ. "ಇಲ್ಲ. ಅಷ್ಟೇ."

ಸಹಿಯನ್ನು ಎಂದಿನಂತೆ ಠೀವಿಯಿಂದಲೇ ಹಾಕಿದಳು, ಕೊನೆಯ ಅಕ್ಷರಕ್ಕೆ ಬಾಲ ಎಳೆದು. ಗುಮಾಸ್ತ ಮೊಹರು ಗುದ್ದಿ, "ನೋಡಿ, ಎಷ್ಟು ಸುಲಭ," ಎಂದ. ಪಕ್ಕದಲ್ಲಿ ಸೊಸೆ ಕಾಗದ ಮಡಿಸುತ್ತಿದ್ದಳು. ನಾಲ್ಕಾಗಿ ಮಡಿಸಿದಳು, ಎಂಟಾಗಿ ಮಡಿಸಿದಳು, ಇನ್ನು ಮಡಿಸಲು ಆಗದಷ್ಟು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಬಯ್ಯುವ ಮುಖವಾಗಿದ್ದರೆ ಬೋರ್ಡಮ್ಮನಿಗೆ ನಿಲ್ಲಲು ಒಂದು ನೆಲವಾದರೂ ಸಿಗುತ್ತಿತ್ತು.

ಹೊರಗಿನ ಮೆಟ್ಟಿಲುಗಳು ಹದಿನೆಂಟು, ಅವತ್ತು ನೂರೆಂಬತ್ತಿದ್ದವು. ನಡುವೆ ಒಂದು ಮೆಟ್ಟಿಲ ಮೇಲೆ ಬೋರ್ಡಮ್ಮ ನಿಂತುಬಿಟ್ಟಳು. ಬಿಸಿಲು ನೆತ್ತಿಗೆ ಬಂದಿತ್ತು, ಬಾಯಲ್ಲಿ ತೊಟ್ಟು ನೀರಿರಲಿಲ್ಲ. ಸಹಿ ಮುಗಿದಿತ್ತು. ಇನ್ನು ಕೇಳಿಸಿಕೊಂಡರೆ ಯಾವ ಕಾಗದಕ್ಕೂ ನಷ್ಟವಿಲ್ಲ.

"ಬೆಳಿಗ್ಗೆ ಏನೋ ಹೇಳಬೇಕು ಅಂತಿದ್ದೆಯಲ್ಲ," ಎಂದಳು.

"ಏನಿಲ್ಲ ಅತ್ತೆ. ಬನ್ನಿ, ಬಸ್ಸು ಬರತ್ತೆ."

"ಹೇಳೇ. ನನಗೆ ಕೇಳ್ಸತ್ತೆ." ಸೊಸೆ ತಿರುಗಿದಳು. "ಎಲ್ಲಾ ಕೇಳ್ಸತ್ತೆ ಕಣೇ. ಮೊದಲಿಂದಾನೂ."

ಜೀವಮಾನದ ಅತಿ ದೊಡ್ಡ ವಿದ್ಯೆಯನ್ನು ಹಾಗೆ ನಡುಮೆಟ್ಟಿಲ ಮೇಲೆ ಇಳಿಸಿಟ್ಟು ಬೋರ್ಡಮ್ಮ ಕಾದಳು, ಆಕಾಶವೇನಾದರೂ ಬೀಳಬಹುದೆಂದು.

"ಗೊತ್ತು," ಎಂದಳು ಸೊಸೆ.

"ಯಾವಾಗಿಂದ?"

"ಪರೀಕ್ಷೆ ಮಾಡಿಸಿದ ದಿನದಿಂದ." ಕಣ್ಣ ಮೂಲೆಯಲ್ಲಿ ನಗುವಿನಂಥದೇನೋ ಬಂದು ಹೋಯಿತು. "ಹಲ್ಲಿ ಅಂದ್ರೆ ನೀವು ಅಷ್ಟು ಹೆದರ್ತೀರಾ ಅಂತ ನನಗೂ ಗೊತ್ತಿರಲಿಲ್ಲ."

"ಹಾಗಾದ್ರೆ ಹೇಳು. ಇವಾಗ ಹೇಳು. ಏನಿದ್ರೂ ಹೇಳು ಮಗಳೇ, ನಾನು..." ನಾನು ಏನು ಎಂಬುದು ಬೋರ್ಡಮ್ಮನಿಗೇ ಗೊತ್ತಿರಲಿಲ್ಲ. ಸೊಸೆಯ ಕೈ ಹಿಡಿದುಕೊಂಡಳು. ಸುಟ್ಟ ಬೆರಳುಗಳು ತಣ್ಣಗಿದ್ದವು.

ಸೊಸೆ ಕೈ ಬಿಡಿಸಿಕೊಳ್ಳಲಿಲ್ಲ. ಮಗುವಿನ ಹಟಕ್ಕೆ ಹೇಳುವ ಹಾಗೆ ಬಲು ಮೆತ್ತಗೆ ಹೇಳಿದಳು: "ಬೇಡ ಅತ್ತೆ. ಮುಂದಿನ ವರ್ಷವೂ ನೀವೇ ಅಲ್ವಾ ಸಹಿ ಹಾಕಬೇಕಾದವರು."

ಅಷ್ಟರಲ್ಲಿ ಅವಳ ಚೀಲದಲ್ಲಿ ಫೋನು ಗುರುಗುಟ್ಟಿತು. ಹೆಸರು ನೋಡಿದಳು. "ಇಲ್ಲೇ ನೆರಳಲ್ಲಿ ನಿಂತಿರಿ," ಎಂದು ಅತ್ತೆಯನ್ನು ಗೋಡೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಮೆಟ್ಟಿಲಿಳಿದು, ರಸ್ತೆಯ ಅಂಚಿಗೆ ಹೋದಳು. ಅಲ್ಲಿ ನಿಲ್ಲಲಿಲ್ಲ. ರಸ್ತೆ ದಾಟಿದಳು, ಆ ಬದಿಯ ಅಂಗಡಿಗಳನ್ನೂ ದಾಟಿ, ಜನರೇಟರು ಓಡುತ್ತಿದ್ದ ಕಡೆ ಹೋಗಿ ನಿಂತಳು. ಎಷ್ಟು ದೂರ ಹೋದರೆ ಕೇಳುವುದಿಲ್ಲ ಎಂಬುದು ಅವಳಿಗೆ ಗೇಣು ಲೆಕ್ಕದಲ್ಲಿ ಗೊತ್ತಿತ್ತು. ತುಟಿಯೂ ಕಾಣದಿರಲೆಂದು ಬೆನ್ನು ತಿರುಗಿಸಿದಳು. ಬೋರ್ಡಮ್ಮ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಆಲಿಸಿದಳು. ಬಸ್ಸುಗಳು ಕೇಳಿದವು, ಜನರೇಟರು ಕೇಳಿತು.